ಸ್ಟೇರಿಂಗ್ ಮಾವನ ವಿಮಾನ ತಕರಾರು

ಬೀದಿಯವರೆಲ್ಲ ಅವರನ್ನು ಸ್ಟೇರಿಂಗ್ ಮಾವ ಎಂದೇ ಕರೆಯುತ್ತಿದ್ದರು. ತಲೆಗೂದಲು ಕಪ್ಪಗಿದ್ದಾಗ ಹಿಡಿದ ಬಸ್ಸಿನ ಚಕ್ರವನ್ನು ಅವರು ಬಿಟ್ಟಿದ್ದು ಪೂರ್ತಿ ಬೆಳ್ಳಗಾದ ಮೇಲೆ. ಅಷ್ಟೂ ವರ್ಷ ಒಂದೇ ದಾರಿ: ಇಲ್ಲಿಂದ ಹೆಂಡತಿಯ ಅಕ್ಕನ ಊರಿಗೆ, ಬೆಟ್ಟ ಸುತ್ತಿಕೊಂಡು, ಬೆಳಗಿನಿಂದ ಸಂಜೆಯವರೆಗೆ.

ನಿವೃತ್ತರಾದ ತಿಂಗಳೇ ಮಗಳು ಅದೇ ಊರಿಗೆ ಇಬ್ಬರಿಗೂ ವಿಮಾನದ ಟಿಕೆಟ್ ತಂದಳು.

"ಎಷ್ಟು ಹೊತ್ತಂತೆ?"

"ಐವತ್ತು ನಿಮಿಷ ಅಪ್ಪಾ."

"ಅಷ್ಟರಲ್ಲಿ ನಾನು ಊರಾಚೆ ಪೆಟ್ರೋಲ್ ಬಂಕೂ ದಾಟಿರಲ್ಲ!"

"ರಸ್ತೇಲಿ ಐನೂರು ಕಿಲೋಮೀಟರ್, ಗಾಳೀಲಿ ಮುನ್ನೂರೇ."

"ಉಳಿದ ಇನ್ನೂರು ಎಲ್ಲಿಗೆ ಹೋಯ್ತು?" ತಮ್ಮ ಜೇಬಿಗೇ ಯಾರೋ ಕೈ ಹಾಕಿದಂತೆ ಮಾವ ಕೇಳಿದರು.

"ಮೇಲೆ ತಿರುವು ಇರಲ್ವಲ್ಲ."

"ತಿರುವಿಲ್ಲದ್ದು ಅದೆಂಥಾ ಪ್ರಯಾಣ!"

ವಿಮಾನದಲ್ಲಿ ಹೆಂಡತಿಯನ್ನು ಸರಿಸಿ ಕಿಟಕಿ ಪಕ್ಕ ಕೂತರು. ಹೊರಗೆ ಬರೀ ಮೋಡ. "ರಸ್ತೇನೇ ಕಾಣ್ತಿಲ್ಲ. ಈ ಪುಣ್ಯಾತ್ಮ ಯಾವ ಧೈರ್ಯದ ಮೇಲೆ ಓಡಿಸ್ತಾನೆ?"

"ಸುಮ್ನಿರ್ರೀ, ಮಾನ ಕಳೀಬೇಡಿ," ಎಂದು ಹೆಂಡತಿ ಮೊಣಕೈಯಿಂದ ತಿವಿದಳು.

ನೀರು ಕೊಡಲು ಬಂದ ಹುಡುಗಿಯನ್ನು ಮಾವ ತಡೆದರು. "ಮಧ್ಯ ಎಲ್ಲಾದ್ರೂ ಐದು ನಿಮಿಷ ನಿಲ್ಲಿಸ್ತೀರೇನಮ್ಮಾ?"

"ಎಲ್ಲಿ ನಿಲ್ಲಿಸೋದು ಸರ್?" ಹುಡುಗಿ ನಗು ತಡೆದುಕೊಂಡಳು.

ಅವರು ಬಾಟಲಿಯ ಮುಚ್ಚಳ ತಿರುಗಿಸುವಷ್ಟರಲ್ಲೇ ವಿಮಾನ ಇಳಿಯತೊಡಗಿತು. ಚಕ್ರ ನೆಲ ಮುಟ್ಟಿದ್ದೇ ತಡ, ಮಾವನ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕ್ ಒತ್ತಿತು. ಒತ್ತಿದ ರಭಸಕ್ಕೆ ಚಪ್ಪಲಿಯ ಬಾರು ಕಿತ್ತುಬಂತು.

ಒಂದು ಕಾಲು ಎಳೆದುಕೊಂಡು ಮನೆ ತಲುಪಿದರೆ, ಹೆಂಡತಿಯ ಅಕ್ಕ ತಲೆಗೆ ಎಣ್ಣೆ ಮೆತ್ತಿಕೊಂಡು ಕೂತಿದ್ದಳು. "ಅಯ್ಯೋ, ಇಷ್ಟು ಬೇಗ ಬಂದ್ಬಿಟ್ರಾ! ನಾನಿನ್ನೂ ಅಕ್ಕಿ ತೊಳೆದಿಲ್ಲ."

"ನೋಡಿದ್ಯಾ?" ಮಾವ ಹೆಂಡತಿಯತ್ತ ತಿರುಗಿದರು. "ಸರಿಯಾದ ಹೊತ್ತಿಗೆ ಬಂದಿದ್ರೆ ಊಟ ಸಿದ್ಧ ಇರ್ತಿತ್ತು."

ಇದ್ದಷ್ಟು ದಿನವೂ ಅವರಿಗೆ ಪ್ರಯಾಣ ಮಾಡಿ ಬಂದೆ ಅನ್ನಿಸಲೇ ಇಲ್ಲ. ವಾಪಸು ಹೋಗುವ ದಿನ ಖಡಾಖಂಡಿತವಾಗಿ ಹೇಳಿದರು: "ನಾನು ಬಸ್ಸಲ್ಲೇ ಬರ್ತೀನಿ. ದಾರಿ ಅನ್ನೋದನ್ನ ಕಣ್ಣಲ್ಲಿ ನೋಡ್ಬೇಕು."

"ನಿಮ್ಮ ಹಟ ನಿಮಗೆ, ನನ್ನ ಸೀಟು ನನಗೆ," ಎಂದು ಹೆಂಡತಿ ವಿಮಾನ ಹತ್ತಿದಳು.

ಬಸ್ಸಿನ ಹೊಸ ಚಾಲಕ ಗುರುತಿನವನೇ. ಮುಂದಿನ ಸೀಟನ್ನೇ ಕೊಟ್ಟ. ಬಸ್ಸು ಇನ್ನೂ ನಿಲ್ದಾಣದಲ್ಲಿರುವಾಗಲೇ ಮಾವ, "ನಿಧಾನ ಕಣಯ್ಯಾ, ಮುಂದೆ ತಿರುವಿದೆ," ಎಂದರು. ಊರು ದಾಟಿತು, ಸೀಟು ತೊಟ್ಟಿಲಿನಂತೆ ತೂಗಿತು. ಕೈಯಲ್ಲಿ ಚಕ್ರವಿಲ್ಲ, ಕಾಲಡಿ ಕ್ಲಚ್ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಆ ದಾರಿಯಲ್ಲಿ ಅವರ ಕಣ್ಣು ಮುಚ್ಚಿತು.

"ಮಾವಾ, ಊರು ಬಂತು!" ಕಂಡಕ್ಟರ್ ಭುಜ ಅಲುಗಿಸುತ್ತಿದ್ದ.

"ಬೆಟ್ಟ?"

"ಆಗ್ಲೇ ದಾಟಿ ಆಯ್ತು."

"ಊಟಕ್ಕೆ ನಿಲ್ಲಿಸಿದ್ರಾ?"

"ಎಷ್ಟು ಸಲ ಎಬ್ಬಿಸಿದ್ರೂ ನಿದ್ದೇಲೇ ಗೇರು ಬದಲಾಯಿಸ್ತಿದ್ರಿ, ಏಳ್ಲಿಲ್ಲ."

ಮನೆಯಲ್ಲಿ ಮಾವ ಎರಡೆರಡು ಸಲ ಬಡಿಸಿಕೊಂಡು ಉಂಡರು.

"ದಾರಿ ಹೇಗಿತ್ತು?" ಹೆಂಡತಿ ಕೇಳಿದಳು.

"ಏನು ಹೇಳಲಿ ಕಣೇ," ಮಾವ ತಟ್ಟೆಯಿಂದ ತಲೆಯೆತ್ತಲಿಲ್ಲ, "ಒಂದೇ ಒಂದು ಗುಂಡಿ ಸಿಗಲಿಲ್ಲ. ರಸ್ತೆ ಬೆಣ್ಣೆ ಬೆಣ್ಣೆ!"