ಕೆರೆ ಏರಿಯ ಕೇದಿಗೆ

ಮೊನ್ನೆ ಶಿಗ್ಗಾಂವಿಯ ಸಂತೆಯಿಂದ ಮಗಳ ಜೊತೆ ಬರುತ್ತಿದ್ದೆ. ಕೋಳಿ ಅಂಗಡಿಯ ಹಿಂದಿನ ಗಟಾರದಲ್ಲಿ ನೆನೆದ ಪುಕ್ಕಗಳ ರಾಶಿ ಬಿದ್ದಿತ್ತು. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಬಡಿಯಿತು. ಗೋಡೆ ಹಿಡಿದು ನಿಂತೆ. "ಯಾಕಬೇ ಯವ್ವಾ, ತಲಿ ತಿರುಗಾಕತ್ತೇತೇನು?" ಎಂದಳು ಮಗಳು. ತಲೆ ತಿರುಗಿರಲಿಲ್ಲ. ಆ ನಾತವನ್ನು ನಾನು ಬರೀ ಮೂಸಿದವಳಲ್ಲ, ಒಂದು ಚಳಿಗಾಲವಿಡೀ ನೀರಿನ ಜೊತೆ ಕುಡಿದವಳು.

ಆಗ ಎರಡನೇ ದೊಡ್ಡ ಯುದ್ಧ ನಡೆಯುತ್ತಿತ್ತು. ಸವಣೂರಿನಿಂದ ಹಾನಗಲ್ಲ ತಾಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಬಂದು ನನಗೆ ವರ್ಷ ತುಂಬಿರಲಿಲ್ಲ. ನಮ್ಮ ಬಾಜೂ ಮನೆಯಲ್ಲಿ ಊರ ಗೌಡನ ಅಣ್ಣನ ಹೆಂಡತಿ ಒಬ್ಬಳೇ ಇದ್ದಳು. ಗಂಡ ತೀರಿಕೊಂಡ ಮೇಲೆ ಗೌಡ ಆಕೆಯ ಒಲೆ ಬೇರೆ ಮಾಡಿಸಿ, ಕೆರೆಯ ಕೆಳಗಿನ ಒಂದು ಭತ್ತದ ಗದ್ದೆ ಕೊಟ್ಟು ಕೈ ತೊಳೆದುಕೊಂಡಿದ್ದ. ಓಣಿಯವರೆಲ್ಲ ಆಕೆಗೆ ದೊಡ್ಡವ್ವ ಎನ್ನುತ್ತಿದ್ದೆವು. ಮೆತ್ತಗಿನ ಹೆಂಗಸಲ್ಲ. ಬಾಯಲ್ಲಿ ಸದಾ ತಂಬಾಕು, ಮಾತೆತ್ತಿದರೆ ಬೈಗುಳ. ಮಜ್ಜಿಗೆ ಕೇಳಿದರೆ ನೀರೇ ಹೆಚ್ಚು ಕೊಡುತ್ತಿದ್ದಳು. ಆದರೆ ತವರಿನ ನೆನಪಾಗಿ ನಾನು ಹಿತ್ತಲಲ್ಲಿ ಅಳುತ್ತಿದ್ದರೆ ಬೇಲಿಯಾಚೆಯಿಂದಲೇ, "ಅತ್ತಿದ್ದು ಸಾಕು, ಕೊಡ ತಗೊಂಡು ಬಾ, ಕೆರಿಗೆ ಹೋಗೂಣು" ಎಂದು ಕರೆಯುತ್ತಿದ್ದಳು. ಆ ಮನೆಯಲ್ಲಿ ನಾನು ಉಳಿದದ್ದು ಆ ಕೂಗಿನಿಂದ.

ನಮ್ಮ ಸೀಮೆಯಲ್ಲಿ ತೆರೆ ಎಂದರೆ ಜನ ಸಮುದ್ರದ್ದು ಎಂದುಕೊಳ್ಳುತ್ತಾರೆ. ಆಷಾಢದಲ್ಲಿ ತುಂಬಿದ ಕೆರೆಯ ಏರಿಯ ಮೇಲೆ ನಿಂತವರಿಗೆ ಗೊತ್ತು. ನಮ್ಮ ಕೆರೆಗೆ ಏರಿ ಇದ್ದದ್ದು ಮೂಡಣಕ್ಕೆ, ಗಾಳಿ ಪಡುವಣದ್ದು. ಅಷ್ಟು ಅಗಲದ ನೀರನ್ನು ನೂಕಿಕೊಂಡು ಬಂದ ಗಾಳಿ ಹಗಲೂ ರಾತ್ರಿ ಏರಿಯ ಮಣ್ಣಿಗೆ ಅಪ್ಪಳಿಸುತ್ತಿತ್ತು. ದೊಡ್ಡವ್ವನ ಗಂಡ ಇದ್ದಾಗ ಪ್ರತಿ ಬೇಸಿಗೆಯೂ ಕಲ್ಲು ಹೇರಿಸುತ್ತಿದ್ದನಂತೆ, ಪ್ರತಿ ಮಳೆಗಾಲವೂ ಆ ಕಲ್ಲು ಜಾರಿ ಕೆರೆಯ ತಳ ಸೇರುತ್ತಿತ್ತಂತೆ. ಏರಿಯ ಒಂದು ತುದಿಗೆ ನಾಗರಕಲ್ಲುಗಳಿದ್ದವು. ಅಲ್ಲಿಯ ಲಕ್ಕಿ ಪೊದೆಯನ್ನೂ ಕೇದಿಗೆ ಮೆಳೆಯನ್ನೂ ಹಾವಿಗೆ ಹೆದರಿ ಯಾರೂ ಮುಟ್ಟುತ್ತಿರಲಿಲ್ಲ. ಆ ಜಾಗದಲ್ಲಿ ಮಾತ್ರ ಏರಿ ಎಂದೂ ಕುಸಿಯಲಿಲ್ಲ. ಅದನ್ನು ನೋಡೇ ದೊಡ್ಡವ್ವ, ಗಂಡ ಹೋದ ಮೇಲೆ, ಉಳಿದ ಏರಿಗೂ ಅವನ್ನೇ ಹಚ್ಚಿದ್ದು. ನೀರಿನ ಅಂಚಿಗೆ ಕೇದಿಗೆ, ಅದರ ಮೇಲೆ ಲಕ್ಕಿ. ನಾನು ಬರುವ ಹೊತ್ತಿಗೆ ಅವು ಆಳೆತ್ತರ ಬೆಳೆದಿದ್ದವು. ತೆರೆ ಬಂದು ಆ ಬೇರುಗಳೊಳಗೆ ನುಗ್ಗಿ, ನೊರೆಯಾಗಿ, ಸುಮ್ಮನಾಗಿ ಹಿಂದೆ ಸರಿಯುತ್ತಿತ್ತು...

ಗೌಡನಿಗೆ ಬ್ರಿಟಿಷರ ಬಿರುದು ಪಡೆದು ರಾವ್‌ಸಾಹೇಬ ಎನ್ನಿಸಿಕೊಳ್ಳುವ ಚಟ ಹತ್ತಿತ್ತು. ಬೇಟೆಯ ಹುಚ್ಚಿನ ಒಬ್ಬ ಬಿಳಿಯ ದೊರೆ ಪುಷ್ಯ ಮಾಸದಲ್ಲಿ ಹಕ್ಕಿ ಹೊಡೆಯಲು ಬರುತ್ತಾನೆಂದು ಸುದ್ದಿ ಬಂತು. ಚಳಿಗಾಲದಲ್ಲಿ ನಮ್ಮ ಕೆರೆಗೆ ಬಾತುಗಳು ಕಪ್ಪಗೆ ಮುತ್ತುತ್ತಿದ್ದವು. ದೊರೆಗೆ ಏರಿಯ ಮೇಲೆ ಡೇರೆ ಹೊಡೆಯಬೇಕು, ಅಡ್ಡ ಪೊದೆ ಇರಬಾರದು. ಹಾಗೆಂದು ಬಾಯಿಬಿಟ್ಟು ಹೇಳಲು ಗೌಡನಿಗೆ ಧೈರ್ಯವಿರಲಿಲ್ಲ. ಚಾವಡಿಯಲ್ಲಿ ಪಂಚರನ್ನು ಕೂಡಿಸಿ, ಕೇದಿಗೆ ಶಿವನಿಗೆ ಬೇಡವಾದ ಹೂವು, ಅದನ್ನು ಊರ ಕೆರೆಗೆ ಹಚ್ಚಿದ್ದು ಪಾಪ, ಅದರಲ್ಲೂ ಗಂಡ ಸತ್ತವಳು ಹಚ್ಚಿದ್ದು ಎಂದು ಹೇಳಿಸಿದ. ಹಣೆ ತುಂಬ ವಿಭೂತಿ ಬಳಿದುಕೊಂಡು ತಲೆದೂಗಿದ ಆ ಮುಖಗಳನ್ನು ನೆನೆದರೆ ಇಂದಿಗೂ ಉಗುಳು ಕಹಿಯಾಗುತ್ತದೆ.

ಕೊಡಲಿಯವರು ಬಂದ ದಿನ ದೊಡ್ಡವ್ವ ಏರಿಗೆ ಅಡ್ಡ ನಿಂತಳು.

"ಶಿವಗ ಬ್ಯಾಡಂತ ನನಗೂ ಗೊತ್ತೈತಿ. ನಾನೇನು ಗುಡಿಗೆ ಹಚ್ಚೇನೇನು? ಕೆರಿಗೆ ಹಚ್ಚೇನಿ."

"ವೈನಿ, ಏರಿ ವಿಚಾರ ಹೆಂಗಸರಿಗೆ ಯಾಕ? ಒಳಗ ನಡೀರಿ" ಎಂದ ಗೌಡ. ರೀ ಹಚ್ಚಿ ಮಾತಾಡುತ್ತಲೇ ಆಳುಗಳಿಗೆ ಕಣ್ಸನ್ನೆ ಮಾಡಿದ. ಅವರು ಆಕೆಯ ಎರಡೂ ಪಕ್ಕ ಸುತ್ತಿ ಹೋಗಿ ಕಡಿಯತೊಡಗಿದರು. ನಾಗರಕಲ್ಲಿನ ಮೆಳೆಯೊಂದು ಬಿಟ್ಟು ಏರಿ ಬೋಳಾಯಿತು.

ದೊರೆ ಬಂದ, ಹೊಡೆದ. ತಿನ್ನುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊಡೆದ. ಮೊಟ್ಟೆ ಮುಟ್ಟಿದರೆ ಸ್ನಾನ ಮಾಡುವ ನಮ್ಮ ಪಂಚರು ಧೋತರ ಮೇಲೆತ್ತಿ ಕಟ್ಟಿ ನೀರಿಗಿಳಿದು, ಕುತ್ತಿಗೆ ಜೋತುಬಿದ್ದ ಹಕ್ಕಿಗಳನ್ನು ಎರಡೂ ಕೈಯಲ್ಲಿ ಹಿಡಿದು ತಂದು ಬೂಟಿನ ಮುಂದೆ ಇಟ್ಟರು. ಇಟ್ಟು ನಕ್ಕರು. ದೊರೆ ಹೋದ ಮೇಲೆ ಉಳಿದ ರಾಶಿಯನ್ನು ಏರಿಯ ಬುಡದ ತಗ್ಗಿಗೆ ಎಸೆದು ಮೇಲೊಂದಿಷ್ಟು ಮಣ್ಣೆಳೆದರು. ಸಿಗದೆ ಹೋದವು ನೀರಲ್ಲೇ ಉಬ್ಬಿ ತೇಲಿದವು. ಅದೇ ನೀರನ್ನು ನಾವು ಅರಿವೆಯಲ್ಲಿ ಸೋಸಿ ತರುತ್ತಿದ್ದೆವು. ಸೋಸಿದ ಅರಿವೆಗೆ ಪುಕ್ಕ ಅಂಟಿರುತ್ತಿತ್ತು. ಗೌಡನ ಮನೆಗೆ ಮಾತ್ರ ಬೇರೆ ಊರಿನ ಬಾವಿಯಿಂದ ಗಾಡಿಯಲ್ಲಿ ನೀರು ಬರುತ್ತಿತ್ತು.

ಆಷಾಢ ಬಂತು. ಕೊಡ ಹೊತ್ತು ಹೋದ ನಾನು ಏರಿಯನ್ನು ನೋಡಿ ಹಾಗೇ ನಿಂತೆ. ಒಂದೊಂದು ತೆರೆಗೂ ಮಣ್ಣು ಹೆಂಟೆಹೆಂಟೆಯಾಗಿ ಕಳಚಿ ದುಬ್ ಎಂದು ನೀರಿಗೆ ಬೀಳುತ್ತಿತ್ತು. ಅಡಿಯೆಲ್ಲ ಪೊಳ್ಳಾಗಿತ್ತು. ಓಡಿ ಹೋಗಿ ಹೇಳಿದೆ. ದೊಡ್ಡವ್ವ ಗೌಡನ ಅಂಗಳಕ್ಕೆ ಹೋಗಿ, ಮುಳ್ಳು ಹೇರಲು ಗಾಡಿ ಕೊಡಿರಿ ಎಂದು ಕೇಳಿದಳು. ಗಾಡಿಗಳು ತನ್ನ ಮೇವು ಸಾಗಿಸಬೇಕು ಎಂದ ಆ ಮನುಷ್ಯ, ಎಲೆಯಡಿಕೆ ಜಗಿಯುತ್ತಾ.

ಆಕೆ ಮರಳಿ ಬಂದು ತನ್ನ ಹಿತ್ತಲ ಬೇಲಿಯನ್ನೇ ಕಿತ್ತಳು. ನಮ್ಮ ಅತ್ತೆ ಬಾಗಿಲಲ್ಲಿ ನಿಂತು ಒಂದಿಷ್ಟು ಹೊತ್ತು ನೋಡಿದರು. ಆಮೇಲೆ, "ಏನ ನೋಡ್ತೀ, ನಮ್ಮದೂ ಕೀಳು" ಎಂದರು ನನಗೆ. ಓಣಿಯ ಹೆಂಗಸರೆಲ್ಲ ಜಾಲಿ ಮುಳ್ಳು, ಜೋಳದ ಕಣಿಕೆ, ಸಿಕ್ಕ ಸಿಕ್ಕ ಟೊಂಗೆ ಹೊತ್ತೆವು. ಸೂಡು ಕಟ್ಟಿ, ಏರಿಯ ಮೈಗೆ ಒತ್ತಿ, ಗೂಟ ಬಡಿದೆವು. ಕೈಯೆಲ್ಲ ರಕ್ತ. ಮುಳ್ಳಿನ ಸೂಡು ಇದ್ದಲ್ಲಿ ತೆರೆ ಮುರಿಯುತ್ತಿತ್ತು. ಊರ ಕಡೆಯ ಅರ್ಧವನ್ನು ಹಾಗೆ ಮುಚ್ಚಿದೆವು. ಮುಂದಕ್ಕೆ ಮುಳ್ಳೂ ಉಳಿದಿರಲಿಲ್ಲ, ಹೊತ್ತೂ ಇರಲಿಲ್ಲ. ಮರುದಿನ ಮಧ್ಯಾಹ್ನ ಡೇರೆ ಹೊಡೆದಿದ್ದ ಜಾಗದಲ್ಲೇ ಏರಿ ಬಾಯಿಬಿಟ್ಟಿತು. ಊರು ಉಳಿಯಿತು. ಕೆರೆಯ ನೀರೆಲ್ಲ ದೊಡ್ಡವ್ವನ ಗದ್ದೆಯ ಮೇಲೆ ಹಾಯ್ದು ಹೋಯಿತು. ನಾಟಿ ಮಾಡಿದ ಭತ್ತದ ಜಾಗದಲ್ಲಿ ಮೊಣಕಾಲುದ್ದ ಉಸುಕು ನಿಂತಿತ್ತು.

ಪಂಚರು ಮತ್ತೆ ಕೂತರು. ಕೇದಿಗೆ ಹಚ್ಚಿದ್ದಕ್ಕೆ ಶಿವ ಮುನಿದ ಎಂದರು! ದೊಡ್ಡವ್ವನನ್ನು ಕರೆಸಿದರು. ಆಕೆ ಉಡಿ ಕಟ್ಟಿಕೊಂಡು ಬಂದಳು. ನಾವು ಹೆಂಗಸರು ಹೊರಗೆ ಕಟ್ಟೆಯ ಕೆಳಗೆ ನಿಂತಿದ್ದೆವು. ಆಕೆ ಮೆಟ್ಟಿಲು ಹತ್ತಿ, ಜಮಖಾನೆಯ ನಟ್ಟನಡುವೆ ಉಡಿ ಬಿಚ್ಚಿ ಸುರಿದಳು. ಕೊಳೆತ ಪುಕ್ಕ, ಕೊಕ್ಕು, ಎಲುಬು, ಕಪ್ಪು ರಾಡಿ.

"ನನ್ನ ಹೊಲದಾಗಿನ ಉಸುಕಿನಾಗ ಸಿಕ್ಕಾವ. ಇವು ಕೇದಗಿ ಹೂವೇನ್ರಿ? ಮೂಸಿ ಹೇಳ್ರಿ."

ಒಬ್ಬ ಶಲ್ಯದಿಂದ ಮೂಗು ಮುಚ್ಚಿಕೊಂಡ. ಗೌಡ ತೊಲೆ ನೋಡುತ್ತ ಕೂತ. ದೊಡ್ಡವ್ವ ಮೆಟ್ಟಿಲ ಮೇಲೆ ತಂಬಾಕು ಉಗುಳಿ ಇಳಿದು ಬಂದಳು. ಮಾತು ಅಲ್ಲಿಗೇ ನಿಂತಿತು. ನ್ಯಾಯವೂ ಅಲ್ಲಿಗೇ ನಿಂತಿತು. ಉಸುಕು ತುಂಬಿದ ಗದ್ದೆಗೆ ಬದಲಾಗಿ ಆಕೆಗೆ ಯಾರೂ ಒಂದು ಗೇಣು ನೆಲ ಕೊಡಲಿಲ್ಲ.

ಬೇಸಿಗೆಯಲ್ಲಿ ಊರಿನವರ ಕೈಯಿಂದಲೇ ಏರಿ ಕಟ್ಟಿಸಿ, ಅದರ ಮೇಲೆ ಒಂದು ಕಡ್ಡಿಯನ್ನೂ ನೆಡಕೂಡದೆಂದು ಗೌಡ ಡಂಗುರ ಹೊಡೆಸಿದ. ದೊಡ್ಡವ್ವ ಡಂಗುರ ಕೇಳಿ, "ಖಾಲಿ ಕೊಡದಾಗ ಏನೈತಿ ಅಂತ ಯಾರು ನೋಡ್ತಾರ?" ಎಂದಳು. ಅಷ್ಟೇ. ಅಂದಿನಿಂದ ಕೆರೆಗೆ ಹೋಗುವ ನಮ್ಮ ಕೊಡಗಳಲ್ಲಿ ಲಕ್ಕಿಯ ಟೊಂಗೆ, ಕೇದಿಗೆಯ ಸಸಿ ಇರುತ್ತಿದ್ದವು. ಊರಿ, ನೀರು ತುಂಬಿಕೊಂಡು ಬರುತ್ತಿದ್ದೆವು. ಗೌಡ ಕೀಳಿಸಿದ. ನಾವು ಮತ್ತೆ ಊರಿದೆವು. ಯಾರನ್ನು ಹಿಡಿದಾನು? ಊರಿಗೆ ಊರೇ ನೀರಿಗೆ ಹೋಗುತ್ತಿತ್ತು. ಕೊನೆಗೆ ಬೇಸತ್ತು ಬಿಟ್ಟ.

ದೊಡ್ಡವ್ವ ಮುಂದೆ ಬಹಳ ವರ್ಷ ಬದುಕಲಿಲ್ಲ. ನಮ್ಮ ಮನೆಯ ರೊಟ್ಟಿ, ಅವರ ಮನೆಯ ಪಲ್ಯ ಎಂದು ದಿನ ನೂಕಿದಳು. ಬೈಯುವುದು ಮಾತ್ರ ಬಿಡಲಿಲ್ಲ. ಗಿಡಗಳು ಎದೆಮಟ್ಟ ಬಂದ ವರ್ಷ ಜ್ವರ ಹಿಡಿದು ಹೋದಳು... ಮಣ್ಣು ಕೊಡುವಾಗ ಗೌಡ ಬಂದು ಎಲ್ಲರಿಗಿಂತ ಜೋರಾಗಿ ಅತ್ತ. ಸ್ವಾತಂತ್ರ್ಯ ಬಂದಾಗ ರಾವ್‌ಸಾಹೇಬನ ಆಸೆ ಬಿಟ್ಟು ಬಿಳಿ ಟೋಪಿ ಹಾಕಿಕೊಂಡ. ಏರಿಯ ಮೇಲೆ ಅವನ ಹೆಸರಿನ ಕಲ್ಲೂ ನಿಂತಿತು, ಊರಿನ ಏರಿ ಕಾಯ್ದ ಪುಣ್ಯಾತ್ಮನೆಂದು.

ಹೋದ ಮಳೆಗಾಲ ಮದುವೆಗೆಂದು ಆ ಊರಿಗೆ ಹೋಗಿದ್ದೆ. ಕಲ್ಲಿಗೆ ಹಾರ ಹಾಕಿದ್ದರು. ಕೆರೆ ತುಂಬಿತ್ತು, ಗಾಳಿ ಹಾಗೇ ಬೀಸುತ್ತಿತ್ತು. ಈ ಗಿಡ ಯಾರು ಹಚ್ಚಿದ್ದು ಗೊತ್ತೇನೋ ಎಂದು ಜೊತೆಗೆ ಬಂದಿದ್ದ ಮೈದುನನ ಮೊಮ್ಮಗನನ್ನು ಕೇಳಿದೆ.

"ಅದನ್ನ ಯಾರು ಹಚ್ಚತಾರ ಆಯಿ? ತಾನ ಬೆಳದಿರ್ತೇತಿ."

ದೊಡ್ಡವ್ವನ ಕಥೆ ಹೇಳಿದೆ. ಅರ್ಧಕ್ಕೆ ಅವನನ್ನು ಊಟಕ್ಕೆ ಕರೆದರು, ಹೋದ. ಅಂದು ಕೊಡದಲ್ಲಿ ಸಸಿ ಒಯ್ದ ಹೆಂಗಸರಲ್ಲಿ ಈಗ ಉಳಿದವಳು ನಾನೊಬ್ಬಳು.