ಬೆಚ್ಚಗಾಗದ ಡಬ್ಬಿ

ಬಸ್ ಡಿಪೋದಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಗೇರಕ್ಕ. ಇಪ್ಪತ್ತೆರಡು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ, ಹೆಂಗಸು ಎರಡೇ ದಿನಕ್ಕೆ ಓಡಿಹೋಗಲಿ ಎಂದು ಫೋರ್‌ಮನ್ ಅವಳನ್ನು ಗೇರ್‌ಬಾಕ್ಸ್ ಬಿಚ್ಚುವ ಮೂಲೆಗೆ ತಳ್ಳಿದ್ದ. ಅವಳು ಓಡಲಿಲ್ಲ, ಮೂರನೇ ವರ್ಷ ಅವನಿಗೇ ವರ್ಗವಾಯಿತು. ಬೀಳ್ಕೊಡುಗೆಯ ದಿನ ಅವಳು ಎದ್ದು ನಿಂತು, "ಸಾಹೇಬ್ರು ತುಂಬ ಒಳ್ಳೆಯವರು. ಹೋಗ್ತಿದ್ದಾರಲ್ಲ, ಅದಕ್ಕೇ ಹೇಳ್ತಿದ್ದೀನಿ" ಎಂದು ಕೂತಿದ್ದಳು.

ಹೋದ ಚಳಿಗಾಲಕ್ಕೆ ಹೊಸ ಮ್ಯಾನೇಜರ್ ಬಂದರು. ಇಸ್ತ್ರಿ ಮಡಿಕೆ ಮುರಿಯದ ಅಂಗಿ, ಕೂತರೊಂದು ನಿಂತರೊಂದು ಸುತ್ತೋಲೆ. ಬೆಳಿಗ್ಗೆ ಹೊರಡುವ ಬಸ್ಸುಗಳೆಲ್ಲ ಎರಡನೇ ಗೇರಿಗೆ ಬಿದ್ದಾಗ ಕರ್ರೆಂದು ಹಲ್ಲು ಕಡಿಯುತ್ತಿದ್ದವು. ಮ್ಯಾನೇಜರ್ ಆಜ್ಞೆ ಹೊರಡಿಸಿದರು: ಪ್ರತಿ ಬಸ್ಸೂ ಹೊರಡುವ ಮೊದಲು ಅರ್ಧ ಗಂಟೆ ನಿಂತಲ್ಲೇ ಎಂಜಿನ್ ಓಡಿಸಿ ಇಡೀ ಗಾಡಿಯನ್ನು ಬಿಸಿ ಮಾಡತಕ್ಕದ್ದು.

ನಲವತ್ತು ಬಸ್ಸು ನಿಂತಲ್ಲೇ ಗುಟುರು ಹಾಕಿದವು. ಹೊಗೆಗೆ ಕಂಡಕ್ಟರುಗಳು ಕೆಮ್ಮಿ ಕೆಮ್ಮಿ ಸಾಕಾದರು. ಆಮೇಲೆ ಗಾಡಿ ಹೊರಟಿತು, ಎರಡನೇ ಗೇರಿಗೆ ಮತ್ತೆ ಕರ್ರ್!

ತಪ್ಪು ಆಜ್ಞೆಯದ್ದಾಗಲು ಸಾಧ್ಯವೇ? ಕಳಪೆ ರಿಪೇರಿಗೆ ಕಾರಣ ಕೇಳಿ ಗೇರಕ್ಕನಿಗೆ ನೋಟಿಸು ಬಂತು. ಅವಳು ಎರಡು ಸಲ ಓದಿದಳು. ಕೆಲಸ ಹೋದರೆ? ದರ್ಜಿ ಗಂಡನ ಒಂದು ಹೊಲಿಗೆ ಮಷೀನು ಮನೆ ನಡೆಸಲಾರದು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ನೋಟಿಸಿನಲ್ಲೇ ಕೈಯ ಗ್ರೀಸು ಒರೆಸಿಕೊಂಡು ಮ್ಯಾನೇಜರ ಕೋಣೆಗೆ ನುಗ್ಗಿದಳು.

"ಸಾರ್, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾರಣ ಬರೆಯೋ ಬದಲು ತೋರಿಸ್ತೀನಿ, ಬನ್ನಿ."

ಅರ್ಧ ಗಂಟೆ ಓಡಿದ ಬಸ್ಸಿನಡಿಯ ರಿಪೇರಿ ಗುಂಡಿಗೆ ಅವರನ್ನು ಇಳಿಸಿದಳು.

"ಎಂಜಿನ್ ಹತ್ರ ಕೈ ಹಿಡೀರಿ. ಮುಟ್ಟಬೇಡಿ."

"ಅಬ್ಬಾ, ಸುಡ್ತಿದೆ!"

"ಈಗ ಇದನ್ನ ಮುಟ್ಟಿ. ಇದು ಗೇರ್‌ಬಾಕ್ಸು."

ಮ್ಯಾನೇಜರ್ ಮುಟ್ಟಿದರು. ಇನ್ನೊಮ್ಮೆ ಅಂಗೈ ಪೂರ್ತಿ ಊರಿದರು. "ಅರೆ, ಉಗುರುಬೆಚ್ಚಗೂ ಇಲ್ವಲ್ಲ!"

"ಹೇಗಾಗುತ್ತೆ ಸಾರ್? ಎಂಜಿನ್ ಹೊಟ್ಟೇಲಿ ಬೆಂಕಿ ಇದೆ. ಇದರ ಹೊಟ್ಟೇಲಿ ಬರೀ ಎಣ್ಣೆ. ಗೇರಿನ ಹಲ್ಲು ಭಾರ ಹೊತ್ತು ಉಜ್ಜಾಡಿ, ಎಣ್ಣೆ ಕಡೆದು ಕಡೆದು ಬಿಸಿಯಾಗಬೇಕು. ನಿಂತ ಗಾಡೀಲಿ ಭಾರ ಎಲ್ಲಿ? ಅದರ ಮೇಲೆ ಇಷ್ಟು ದಪ್ಪ ಲೋಹ, ಬಂದ ಚೂರು ಬಿಸೀನೂ ನುಂಗುತ್ತೆ."

"ಹಲ್ಲು ಕಡಿಯೋದು ಯಾಕೆ ಮತ್ತೆ?"

"ಎರಡು ಗೇರನ್ನ ಒಂದೇ ವೇಗಕ್ಕೆ ತರೋಕೆ ಒಳಗೊಂದು ಹಿತ್ತಾಳೆ ಉಂಗುರ ಇದೆ. ತಣ್ಣಗಿರೋ ಎಣ್ಣೆ ಗಟ್ಟಿ, ಉಂಗುರಕ್ಕೆ ಹಿಡಿತ ಸಿಗಲ್ಲ. ಡ್ರೈವರಣ್ಣ ಕಾಯ್ತಾನಾ? ಗುದ್ದಿ ನೂಕ್ತಾನೆ. ಎರಡು ನಿಮಿಷ ಎಂಜಿನ್ ಓಡಿಸಿ, ಹೊರಟುಬಿಡಿ. ಮೊದಲ ಆರೇಳು ಮೈಲಿ ನಿಧಾನ ಹೋಗಿ, ಗೇರು ಮೆಲ್ಲಗೆ ಹಾಕಿ. ಓಡ್ತಾ ಓಡ್ತಾನೇ ಅದು ದಾರಿಗೆ ಬರುತ್ತೆ. ನಮ್ಮನೆಯವರೂ ಅಷ್ಟೇ, ಹಾಸಿಗೇಲಿ ಕೂರಿಸಿ ಎಷ್ಟು ಕಾದರೂ ಎಚ್ಚರ ಆಗಲ್ಲ. ಅಂಗಡಿವರೆಗೆ ನಡೆಸಬೇಕು."

ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. ನಕ್ಕ ರಭಸಕ್ಕೆ ತಲೆ ಬಸ್ಸಿನ ತಳಕ್ಕೆ ಬಡಿಯಿತು.

ಮರುದಿನ ಹೊಸ ಸುತ್ತೋಲೆ ಬಂತು. ಅವಳು ಹೇಳಿದ್ದೇ ಎಲ್ಲ, ಆದರೆ ಶುರುವಿನಲ್ಲಿ 'ನನ್ನ ಆಳವಾದ ಅಧ್ಯಯನದಿಂದ ತಿಳಿದುಬಂದಂತೆ' ಎಂದಿತ್ತು. ಡ್ರೈವರುಗಳು ಕುದಿದರು. "ಬಿಡ್ರೋ, ಆಳಕ್ಕೆ ಇಳಿದದ್ದಂತೂ ನಿಜ" ಅಂದಳು ಗೇರಕ್ಕ.

ತಿಂಗಳಿಗೆ ಹತ್ತು ಹನ್ನೊಂದು ರಿಪೇರಿಗೆ ಬರುತ್ತಿದ್ದ ಗೇರ್‌ಬಾಕ್ಸುಗಳು ಎರಡಕ್ಕಿಳಿದವು. ಅವಳು ಬಿಸಿಲಿಗೆ ಬೆನ್ನೊಡ್ಡಿ ಕೂತು ಚಹಾ ಕುಡಿಯುವುದು ಕಲಿತಳು. ಒಂದು ಬೆಳಿಗ್ಗೆ ಮ್ಯಾನೇಜರ್ ಅಲ್ಲಿಗೇ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಮ್ಮಾ, ಹಿಂದಿನ ಚಕ್ರದ ಆಕ್ಸಲ್ಲು ಯಾವಾಗ ಬಿಸಿಯಾಗುತ್ತೆ?"

"ಅದು ಇನ್ನೂ ಸೋಮಾರಿ ಸಾರ್. ಕೂತ್ಕೊಳ್ಳಿ, ಹೇಳ್ತೀನಿ."

ಅವರು ಗ್ರೀಸು ಹತ್ತಿದ ಬೆಂಚನ್ನೊಮ್ಮೆ, ತಮ್ಮ ಪ್ಯಾಂಟನ್ನೊಮ್ಮೆ ನೋಡಿಕೊಂಡರು. ಆಮೇಲೆ ಕೂತೇಬಿಟ್ಟರು.