ಶಮಾಳ ಅಂಗಡಿಯಲ್ಲಿ ‘ತಗಿ’ ಅನ್ನಬಾರದು

ತಿಕೋಟಾ ಬಸ್ ನಿಲ್ದಾಣದ ಎದುರಿಗೆ ಶಮಾಳ ಆನ್‌ಲೈನ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಷೀನು, ಮೂರು ಕುರ್ಚಿ. ಒಂದು ಕುರ್ಚಿಯ ಕಾಲು ಸರಿ ಇಲ್ಲ. ಅದರ ಮೇಲೆ ಅವಳೇ ಕೂಡುತ್ತಾಳೆ.

ಅವಳ ತವರು ಬಬಲೇಶ್ವರ. ಅಪ್ಪ ಅಲ್ಲಿಯ ಸಂತೆಯಲ್ಲಿ ಬಳೆ ಇಡಿಸುತ್ತಿದ್ದರು. ಹತ್ತು ಹೆಂಗಸರನ್ನು ಒಮ್ಮೆಗೇ ಮಾತಾಡಿಸುವುದನ್ನು ಅಲ್ಲೇ ಕಲಿತಳು. ವಿಜಯಪುರದಲ್ಲಿ ಬಿ.ಕಾಂ. ಮಾಡಿ, ಯುನುಸನನ್ನು ಮದುವೆಯಾಗಿ ನಮ್ಮೂರಿಗೆ ಬಂದಳು. ಯುನುಸನದು ಪಕ್ಕದಲ್ಲೇ ಪಂಕ್ಚರ್ ಅಂಗಡಿ.

ಶಮಾಳ ಗೋಡೆಗೆ ಒಂದು ಹಾಳೆ ಅಂಟಿಸಿದೆ. ‘ಇಲ್ಲಿ ತಗಿ ಅನ್ನಬಾರದು.’ ನಾನು ಶಾಲೆಯಲ್ಲಿ ಮೂರನೇ ಇಯತ್ತೆವರೆಗೆ ಕಲಿತವಳು. ಓದಲು ಬಂತು, ಅರ್ಥವಾಗಲಿಲ್ಲ. ಅರ್ಥವಾದ ದಿನದ ಸುದ್ದಿ ಬರೆಯುತ್ತೇನೆ.

ನಮ್ಮ ಮನೆಯವರು, ಸದಾಶಿವ, ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ವಿಜಯಪುರದಿಂದ ತಿಕೋಟಾಕ್ಕೆ ಜೀಪು ಹೊಡೆಯುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬರುವಾಗ ಫೋನಿಗೆ ದನಿ ಕಳಿಸುತ್ತಿದ್ದರು. ದಿನಾ ಅದೇ ಮಾತು. ‘ತೊರವಿ ದಾಟೇನಿ, ರೊಟ್ಟಿ ಬಡಿ.’ ತೊರವಿ ದಾರಿಯಲ್ಲಿ ಸಿಗುವ ಊರು. ನಾಲ್ಕು ವರ್ಷದ್ದು ನನ್ನ ಫೋನಿನಲ್ಲಿದೆ. ದಿನಕ್ಕೊಂದು ಕೇಳುತ್ತೇನೆ. ಅದನ್ನು ಕೇಳದೆ ಒಲೆ ಹಚ್ಚುವುದಿಲ್ಲ.

ಹೋದ ತಿಂಗಳು ಗ್ಯಾಸ್ ಮುಗಿಯಿತು. ಹೊಸ ಸಿಲಿಂಡರಿಗೆ ಆಪ್ ಹಾಕಿಕೊಳ್ಳಲು ಹೇಳಿದವನು ಮೈದುನ ಸಂಗು, ವಿಜಯಪುರದಲ್ಲಿರುತ್ತಾನೆ. ಹಾಕಲು ಹೋದರೆ ಫೋನಿನಲ್ಲಿ ಜಾಗವಿಲ್ಲ ಎಂದು ಬಂತು. ಅವನಿಗೆ ಫೋನು ಹಚ್ಚಿದೆ.

“ವೈನಿ, ಮೆಸೇಜಿನ ಆಪ್ ತಗೀರಿ. ಆಮ್ಯಾಲ ಏನ್ ಮಾಡೂದು ಹೇಳ್ತೀನಿ” ಎಂದ. ಅಷ್ಟರಲ್ಲಿ ಫೋನು ಕಟ್ಟಾಯಿತು.

ದನಿ ಇದ್ದದ್ದು ಆ ಆಪಿನಲ್ಲೇ. ಅದನ್ನು ಒತ್ತಿ ಹಿಡಿದೆ. ‘ತೆಗೆದುಹಾಕಬೇಕೇ?’ ಎಂದು ಕೇಳಿತು. ಬೆರಳು ಮುಂದೆ ಹೋಗಲಿಲ್ಲ. ಫೋನನ್ನು ಹಾಗೇ ಹಿಡಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಶಮಾಳ ಅಂಗಡಿಗೆ ನಡೆದೆ.

“ಯಾಕ ಗಂಗಕ್ಕ, ತುಂಬಿದ ಹಾಲಿನ ಚರಗಿ ಹಿಡದಂಗ ಫೋನ್ ಹಿಡಕೊಂಡ ಬಂದೀರಿ?” ಎಂದಳು.

“ಸಂಗು ಇದನ್ನ ತಗಿ ಅಂದಾನ. ತಗದ್ರ ಅವರ ದನಿ ಹೋಗ್ತೈತೇನವಾ?”

ಶಮಾ ಫೋನು ಇಸಿದುಕೊಂಡು ಮೊದಲು ‘ಬೇಡ’ ಒತ್ತಿದಳು. ಆಮೇಲೆ ಗೋಡೆಯ ಹಾಳೆ ತೋರಿಸಿದಳು.

“ಬಾಗಲಾ ತಗಿ ಅಂದ್ರ ಏನ್ ಮಾಡ್ತೀರಿ?”

“ತೆರೀತೀನಿ.”

“ಹಾದ್ಯಾಗಿನ ಕಲ್ಲ ತಗಿ ಅಂದ್ರ?”

“ಎತ್ತಿ ಒಗೀತೀನಿ.”

“ಆತಲ್ಲ. ಸಂಗಣ್ಣ ಬಾಗಲದ್ದು ಹೇಳ್ಯಾನ, ನೀವು ಕಲ್ಲಿಂದು ತಿಳಕೊಂಡೀರಿ. ನಮ್ಮ ಓಣಿ ಹಸೀನಾ ಅಕ್ಕಗೂ ನಾನ ಫೋನಿನ್ಯಾಗ ಫೋಟೋ ತಗೀರಿ ಅಂದಿದ್ನಿ. ಮಗಳ ನಿಕಾದ ಫೋಟೋ ಎಲ್ಲಾ ಹೋದುವು. ಎಂಟ ದಿನಾ ನನ್ನ ಕೂಡ ಮಾತಾಡಲಿಲ್ಲ. ಆವತ್ತ ಈ ಹಾಳಿ ಹಚ್ಚೇನಿ. ಈಗ ‘ಒಳಗ ಹೋಗ್ರಿ’ ಅಂತೀನಿ, ಇಲ್ಲಾ ‘ಕಿತ್ತ ಒಗೀರಿ’ ಅಂತೀನಿ.”

“ಹಂಗಾರ ಗ್ಯಾಸಿಗೆ ಆಪ್?”

“ನಿಮಗ್ಯಾಕ ಬೇಕದು? ಆಪ್ ಅಂದ್ರ ಮನ್ಯಾಗ ತಂದ ಇಟ್ಟ ಬೀಸೂ ಮಷೀನ. ಜಾಗಾ ಹಿಡೀತೈತಿ, ದಿನಾ ಏನರೆ ಒದರತೈತಿ. ವೆಬ್‌ಸೈಟ್ ಅಂದ್ರ ಗಿರಣಿ. ಹೋಗೂದು, ಬೀಸಿಸೂದು, ಬರೂದು. ದಿನಾ ಬೀಸಾವ್ರಿಗೆ ಮಷೀನ ಛಲೋ. ನೀವು ಎರಡ ತಿಂಗಳಿಗೊಮ್ಮೆ ಸಿಲಿಂಡರ್ ತರಸಾವ್ರು, ಗಿರಣಿ ಸಾಕ. ಆದ್ರ ವಿಳಾಸ ಗ್ಯಾಸಿನ ಪುಸ್ತಕ ನೋಡೇ ಹೊಡೀರಿ. ಅದರಂಗ ಕಾಣೂ ಸುಳ್ಳ ಗಿರಣಿ ಭಾಳ ಅದಾವ.”

ತನ್ನ ಗ್ಯಾಸಿನ ಪುಸ್ತಕ ನೋಡಿ ನನ್ನ ಫೋನಿನಲ್ಲೇ ವಿಳಾಸ ಹೊಡೆದಳು. ನಿಧಾನಕ್ಕೆ ತೆರೆಯಿತು, ಆದರೆ ತೆರೆಯಿತು. ಫೋನಿಗೆ ಬಂದ ಗುಟ್ಟಿನ ನಂಬರನ್ನು ನನ್ನ ಕೈಯಿಂದಲೇ ಒತ್ತಿಸಿದಳು. ಸಿಲಿಂಡರ್ ಬುಕ್ ಆಯಿತು.

ಆಮೇಲೆ ಫೋನಿನೊಳಗೆ ಇಣುಕಿ ನಗಲು ಹತ್ತಿದಳು.

“ಸದಾಶಿವಣ್ಣನ ದನಿ ಚಿಟಿಕಿ ಜಾಗಾನೂ ಹಿಡದಿಲ್ಲ. ಸಂಗಣ್ಣ ದಿನಾ ಮುಂಜಾನಿ ಕಳಸೂ ಗುಲಾಬಿ ಹೂವಿನ ಫೋಟೋ ತುಂಬ್ಯಾವ.”

“ಅವನ್ನ ಕಿತ್ತ ಒಗಿ” ಎಂದೆ.

ದನಿಗಳನ್ನೆಲ್ಲ ಒಂದು ಮೆಮೊರಿ ಚಿಪ್ಪಿಗೂ ಹಾಕಿಕೊಟ್ಟಳು. ಸರಿಯಾಗಿ ಬಂದಿದೆಯೋ ನೋಡಲು ಒಂದನ್ನು ದೊಡ್ಡದಾಗಿ ಹಚ್ಚಿದಳು. ‘ತೊರವಿ ದಾಟೇನಿ, ರೊಟ್ಟಿ ಬಡಿ.’

ಹೊಲದ ಉತಾರದ, ಅಂದರೆ ಪಹಣಿಯ, ಪ್ರತಿಗೆ ಬಂದು ಕೂತಿದ್ದ ಶಿವಾಜಿ ತಲೆ ಎತ್ತಿದ. ದಿನಾ ಆ ಜೀಪಿನಲ್ಲೇ ಬರುತ್ತಿದ್ದವನು.

“ಸುಳ್ಳ ಐತಿ ಅದು. ತೊರವಿ ಎಲ್ಲಿ ದಾಟತಿದ್ದ ಸದಾಶಿವಣ್ಣ? ನಾ ಮಗ್ಗಲಕ್ಕ ಇರ್ತಿದ್ನಿ. ತೊರವಿ ಚಾದ ಅಂಗಡ್ಯಾಗ ಕಪ್ ಹಿಡಕೊಂಡ ಕುಂತ ಕಳಸತಿದ್ದ.”

“ಅದಕ್ಕ ರೊಟ್ಟಿ ಆರತಿದ್ದುವು” ಎಂದೆ. “ನಾಕ ವರ್ಷ ನನಗ ಬೈದ್ರು, ಬಿಸಿ ರೊಟ್ಟಿ ಹಾಕಾಕ ಬರೂದಿಲ್ಲ ಅಂತ.”

ಶಮಾ ನಕ್ಕ ರಭಸಕ್ಕೆ ಅವಳ ಕುರ್ಚಿ ವಾಲಿತು. ಯುನುಸ ಓಡಿ ಬಂದು ಹಿಡಿದ. ನಾನೂ ನಕ್ಕೆ. ಹದಿನಾಲ್ಕು ತಿಂಗಳಲ್ಲಿ ನಕ್ಕಿರಲಿಲ್ಲ.

ಮೂರನೇ ದಿನ ಸಿಲಿಂಡರ್ ಬಂತು. ಒಲೆಯ ಪಕ್ಕ ಫೋನಿಟ್ಟು ದನಿ ಹಚ್ಚಿದೆ. ತೊರವಿ ದಾಟೇನಿ ಎಂದರು. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸುಮ್ಮನೆ ಕೂತೆ. ಆಮೇಲೆ ರೊಟ್ಟಿ ಬಡಿದೆ. ನಾಲ್ಕನ್ನು ಡಬ್ಬಿಗೆ ಹಾಕಿ ಶಮಾಳ ಅಂಗಡಿಗೆ ಒಯ್ದೆ.

“ಲಗೂನ ತಗಿ, ಆರತಾವ” ಎಂದೆ.

ಅವಳು ಡಬ್ಬಿ ಮುಟ್ಟಲಿಲ್ಲ. ಗೋಡೆಯ ಹಾಳೆಯ ಕಡೆ ಬೆರಳು ಮಾಡಿದಳು.